ನಮ್ಮ ರೈಲ್ ಟಿಕೆಟ್ ಯಾರ ಲೆಕ್ಕಕ್ಕೆ?

ಒಳ್ಳೆ ಕೆಲಸಕ್ಕೆ ಅಂತ ಒಟ್ಟು ಮಾಡಿದ ದುಡ್ಡಿನಲ್ಲಿ, ಆ ಕೆಲಸ ಮಾಡೋಕೆ ಹೊರಟವರ ಊಟ, ಬಸ್ಸು, ರೈಲಿನ ಖರ್ಚು ಎಷ್ಟಿರಬಹುದು? ಕಾಲು ಭಾಗ? ಅರ್ಧ? ಒಂದು ರೂಪಾಯಿಯೂ ಇರಬಾರದಾ? ಇದು ಅಕೌಂಟೆಂಟ್‌ಗಳು ನೋಡ್ಕೋಬೇಕಾದ ವಿಷಯ ಅಂತ ತುಂಬಾ ಜನ ಅಂದ್ಕೋತಾರೆ. ನನಗೆ ಹಾಗನ್ನಿಸಲ್ಲ. ನಾವು ಇನ್ನೊಬ್ಬರ ಕಷ್ಟವನ್ನು ಏನಂತ ತಿಳ್ಕೊಂಡಿದ್ದೀವಿ ಅನ್ನೋದು ಭಾಷಣದಲ್ಲಿ ಗೊತ್ತಾಗೋದಕ್ಕಿಂತ ಬಜೆಟ್ಟಿನಲ್ಲಿ ಬೇಗ ಗೊತ್ತಾಗುತ್ತೆ.

ಹಿನ್ನೆಲೆ ಹೇಳಿಬಿಡ್ತೀನಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಹಲಸೂರು ಕಡೆಯ ನಮ್ಮ ಚರ್ಚಿನ ಯೂತ್ ಗ್ರೂಪಿನವರು ದಸರಾ ರಜೆಯಲ್ಲಿ ನಾಲ್ಕು ದಿನ ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹೋಗೋಣ, ಅಲ್ಲಿನ ಸರ್ಕಾರಿ ಶಾಲೆಯನ್ನ ಸರಿ ಮಾಡಿಕೊಡೋಣ ಅಂತ ತೀರ್ಮಾನಿಸಿದೆವು. ಚರ್ಚುಗಳಲ್ಲಿ ಇಂಥದ್ದಕ್ಕೆ ಶಾರ್ಟ್ ಟರ್ಮ್ ಮಿಷನ್ ಟ್ರಿಪ್ ಅಂತಾರೆ. ಒಟ್ಟು ಹದಿನಾರು ಜನ. ಹೆಚ್ಚಿನವರು ಇಂದಿರಾನಗರದ ಆಫೀಸುಗಳಲ್ಲಿ ಕೆಲಸ ಮಾಡೋರು. ಜೊತೆಗೆ ಕೆ.ಆರ್. ಪುರದಿಂದ ಬರುವ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು, ಶಿವಾಜಿನಗರದ ಗ್ಯಾರೇಜೊಂದರಲ್ಲಿ ದುಡಿಯುವ ಒಬ್ಬ ಹುಡುಗ. ಎರಡು ಭಾನುವಾರದ ವಿಶೇಷ ಕಾಣಿಕೆಯಲ್ಲಿ 1,40,000 ರೂಪಾಯಿ ಸೇರಿತ್ತು. ಆಫೀಸಿನಲ್ಲೂ ನನ್ನ ಕೆಲಸ ಲೆಕ್ಕವೇ ಆದ್ದರಿಂದ ಎಕ್ಸೆಲ್ ಶೀಟ್ ನನ್ನ ಪಾಲಿಗೆ ಬಂತು.

ಎಲ್ಲರೂ ಹೇಳಿದ್ದನ್ನೆಲ್ಲ ಸೇರಿಸಿ ಮಾಡಿದ ಮೊದಲ ಕರಡು ಹೀಗಿತ್ತು. ಹುಬ್ಬಳ್ಳಿಗೆ ಹೋಗಿಬರೋಕೆ ಸ್ಲೀಪರ್ ಟಿಕೆಟ್ 10,400. ಅಲ್ಲಿಂದ ಮೂರು ದಿನಕ್ಕೆ ಟೆಂಪೊ ಟ್ರಾವೆಲರ್ 18,000. ಊಟ-ತಿಂಡಿ 16,000. ಉಳಿಯುವ ವ್ಯವಸ್ಥೆ 8,000. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ 5,600. ಬ್ಯಾನರ್ 1,500. ಔಷಧಿ ಡಬ್ಬ 2,400. ಕೂಡಿದರೆ 61,900. ಅಂದ್ರೆ ಕಾಣಿಕೆಯ ನೂರು ರೂಪಾಯಿಯಲ್ಲಿ 44 ರೂಪಾಯಿ ನಮ್ಮ ಮೇಲೇ ಖರ್ಚು. ಮಿಕ್ಕ 56 ಶಾಲೆಗೆ.

ಆ ವಾರ ಚರ್ಚಿನ ಹೊರಗೆ ಒಬ್ಬರು ಅಜ್ಜಿ ನನ್ನನ್ನ ನಿಲ್ಲಿಸಿ ಕೇಳಿದರು. ಹಲಸೂರು ಮಾರ್ಕೆಟ್ ಹತ್ತಿರ ಹೂವು ಮಾರುವವರು, ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕಿದ್ದವರು. "ಅಲ್ಲ ಕಣಮ್ಮ, ನಾನು ಹಾಕಿದ್ರಲ್ಲಿ ಆ ಮಕ್ಕಳಿಗೆ ಎಷ್ಟು ಹೋಗುತ್ತೆ?" ಅವರ ದನಿಯಲ್ಲಿ ಅನುಮಾನ ಇರಲಿಲ್ಲ. ಸುಮ್ಮನೆ ತಿಳ್ಕೊಳ್ಳೋಕೆ ಕೇಳಿದ್ದು. ಆ ಕರಡಿನ ಪ್ರಕಾರ ಉತ್ತರ 280 ರೂಪಾಯಿ. ಉಳಿದ 220 ರೂಪಾಯಿಯಲ್ಲಿ, ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಸಂಬಳ ತಗೊಳ್ಳೋ ನಾವು ಪ್ರಯಾಣ ಮಾಡ್ತಿದ್ವಿ. ಇನ್ನೂ ಲೆಕ್ಕ ಮುಗಿದಿಲ್ಲ ಅಜ್ಜಿ, ಮುಗಿದ ಮೇಲೆ ಹೇಳ್ತೀನಿ ಅಂದೆ.

ಇಂಥ ಖರ್ಚಿಗೆ ಕಾನೂನಿನಲ್ಲಿ ಒಂದಿಷ್ಟು ಅಳತೆಗೋಲುಗಳಿವೆ. ಕಂಪನಿಗಳ ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚ ಶೇ. 5ನ್ನು ಮೀರುವಂತಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಅದೇ ಬಗೆಯ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ನಮ್ಮಂಥ ಸಣ್ಣ ಗುಂಪಿಗೆ ಇವು ಯಾವುದೂ ಅನ್ವಯಿಸಲ್ಲ, ನಿಜ. ಯಾರೂ ಬಂದು ಆಡಿಟ್ ಮಾಡಲ್ಲ. ಯಾರೂ ಕೇಳದ ಕಡೆಯೇ ಪ್ರಶ್ನೆಯನ್ನು ನಾವೇ ಕೇಳ್ಕೋಬೇಕಾಗುತ್ತೆ.

ನಮ್ಮ ಗುಂಪಿನಲ್ಲಿ ಎರಡು ವಾದ ಎದ್ದವು. ಮೊದಲನೆಯದು: ಹೋಗೋದೇ ಬೇಡ, ಪೂರ್ತಿ ದುಡ್ಡನ್ನ ಕಳಿಸಿಬಿಡೋಣ. ಪೀಟರ್ ಸಿಂಗರ್ ಎಂಬ ತತ್ತ್ವಶಾಸ್ತ್ರಜ್ಞ 1971ರ ಪೂರ್ವ ಬಂಗಾಳದ ನಿರಾಶ್ರಿತರ ಸಂಕಟ ನೋಡಿ ಬರೆದ, 1972ರಲ್ಲಿ ಪ್ರಕಟವಾದ ಒಂದು ಪ್ರಬಂಧ ಈ ವಾದಕ್ಕೆ ಬಲ ಕೊಡುತ್ತೆ. ಕಣ್ಣೆದುರು ಕೊಳದಲ್ಲಿ ಮಗು ಮುಳುಗ್ತಿದ್ರೆ ಬಟ್ಟೆ ಒದ್ದೆಯಾಗುತ್ತೆ ಅಂತ ಯಾರೂ ನಿಲ್ಲಲ್ಲ. ಹಾಗಿದ್ದ ಮೇಲೆ ಮಗು ದೂರದಲ್ಲಿದೆ ಅನ್ನೋದು ಕಾರಣ ಆಗಲ್ಲ ಅಂತಾನೆ ಅವನು. ಇದನ್ನ ನಮ್ಮ ಶೀಟಿಗೆ ಹಚ್ಚಿದರೆ ಏನಾಗುತ್ತೆ? ದೂರ ಮುಖ್ಯ ಅಲ್ಲ ಅಂದ್ಮೇಲೆ ಹತ್ತಿರ ಹೋಗೋಕೆ 61,900 ಯಾಕೆ ಸುರಿಯಬೇಕು? ನಮ್ಮ ಗುಂಪಿನ ಒಬ್ಬ ಇನ್ನೂ ಮುಂದೆ ಹೋದ. ಹದಿನಾರು ಜನ ಎರಡೆರಡು ದಿನ ರಜೆ ಹಾಕ್ತೀವಿ, ಆ ದಿನಗಳ ಸಂಬಳವನ್ನೂ ಕೊಟ್ಟರೆ ಇನ್ನೊಂದು ಶಾಲೆ ರಿಪೇರಿ ಆಗುತ್ತೆ ಅಂದ.

ಎರಡನೇ ವಾದ: ದುಡ್ಡು ಕಳಿಸಿ ಕೈತೊಳ್ಕೊಳ್ಳೋದು ಸುಲಭ, ನಮ್ಮ ಕೈಯಾರೆ ಕೆಲಸ ಮಾಡಬೇಕು. ಕೇಳೋಕೆ ಇದು ಉದಾತ್ತವಾಗೇ ಇದೆ. ಆದರೆ ಕೈಯಾರೆ ಮಾಡೋ ಕೆಲಸಕ್ಕೂ ಒಂದು ಲೆಕ್ಕ ಇದೆ. ಶಾಲೆಯ ನಾಲ್ಕು ಕೋಣೆಗೆ ಬಣ್ಣ ಹೊಡೀಬೇಕಿತ್ತು. ನಾವು ಹದಿನಾರು ಜನ ಎರಡು ದಿನ ಅಂದರೆ 32 ಆಳು. ಬ್ರಷ್ ಹಿಡಿದು ಅಭ್ಯಾಸ ಇರೋ ನಾಲ್ಕು ಪೇಂಟರುಗಳು ಅದನ್ನೇ ಮೂರು ದಿನದಲ್ಲಿ, 12 ಆಳಿನಲ್ಲಿ, ನಮಗಿಂತ ಚೆನ್ನಾಗಿ ಮಾಡ್ತಾರೆ. ಅಲ್ಲಿನ ಕೂಲಿ ಆಗ ದಿನಕ್ಕೆ 600. ಒಟ್ಟು 7,200 ರೂಪಾಯಿ. ಹೊಲದಲ್ಲಿ ನೀರು ನಿಂತು ಕೂಲಿ ಕೆಲಸವೇ ಇಲ್ಲದ ತಿಂಗಳಲ್ಲಿ ಅದೇ ಊರಿನ ನಾಲ್ಕು ಮನೆಗೆ ಹೋಗುವ ದುಡ್ಡು ಅದು. ನಾವು ಹೋಗಿ ಬ್ರಷ್ ಹಿಡಿದರೆ, ಸೇವೆ ಅನ್ನೋ ಹೆಸರಿನಲ್ಲಿ ಆ ಕೂಲಿಯನ್ನ ಕಿತ್ಕೊಂಡ ಹಾಗಾಗಲ್ವಾ?

ಇವಾನ್ ಇಲಿಚ್ ಇದನ್ನ ಇನ್ನೂ ಖಾರವಾಗಿ ಹೇಳಿದ್ದಾನೆ. 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೊದ ಹಳ್ಳಿಗಳಿಗೆ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಗೆ ಅವನನ್ನ ಭಾಷಣಕ್ಕೆ ಕರೆದಿದ್ರು. ಅವನೂ ಕ್ಯಾಥೊಲಿಕ್ ಪಾದ್ರಿಯೇ. ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಬೆಟ್ಟ ಹತ್ತೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ ಅನ್ನೋ ಅರ್ಥದಲ್ಲಿ ಮಾತಾಡಿ, ಕರೆಸಿದವರ ಮುಖಕ್ಕೇ ನೇರವಾಗಿ ಹೇಳಿಬಿಟ್ಟ. ನಾವು ಬೆಂಗಳೂರಿನಿಂದ ರಾಮದುರ್ಗಕ್ಕೆ ಹೋಗೋದು ಅಮೆರಿಕದಿಂದ ಮೆಕ್ಸಿಕೊಗೆ ಹೋದ ಹಾಗಲ್ಲ, ಭಾಷೆಯೂ ಒಂದೇ ಅಂತ ನಮ್ಮಲ್ಲೊಬ್ಬರು ಅಂದರು. ಅದೂ ಪೂರ್ತಿ ಸರಿಯಲ್ಲ. ನಮ್ಮ ಹದಿನಾರು ಜನರಲ್ಲಿ ಆರು ಜನರ ಮನೆಮಾತು ತಮಿಳು. ಉಳಿದವರಿಗೂ ಅಲ್ಲಿನ ಕನ್ನಡ ಕಿವಿಗೆ ಬೀಳೋದು ಸಿನಿಮಾದಲ್ಲಷ್ಟೇ.

ಸಾಮಾನಿನ ಪಟ್ಟಿ ವಿಷಯದಲ್ಲೂ ಹೀಗೇ ಆಯ್ತು. ಎಲ್ಲರ ಮನೆಯಿಂದ ಹಳೇ ಬಟ್ಟೆ ಸೇರಿಸೋಣ ಅನ್ನೋದು ಮೊದಲ ಸಲಹೆ. ನಾನು ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಕೇಳಿದೆ. "ಮೇಡಮ್ಮರ, ಅರಿವಿ ಬ್ಯಾಡ್ರಿ. ಅರಿವಿ ಭಾಳ ಬಂದಾವು, ಇಡಾಕ ಜಾಗಾ ಇಲ್ಲ" ಅಂದರು. ಇದು ಹೊಸ ಕಥೆಯೇನಲ್ಲ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಗೆ ಹೋದ ಬಟ್ಟೆ ಮೂಟೆಗಳು ಯಾರಿಗೂ ಬೇಡವಾಗಿ ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಮತ್ತೇನು ಬೇಕು ಸಾರ್ ಅಂದೆ. ಬೆಂಚು ಬೇಕು, ಮಕ್ಕಳ ಬ್ಯಾಗು, ನೋಟ್‌ಬುಕ್ಕು ಹೊಳಿಗೆ ಹೋಗ್ಯಾವು, ಗೋಡೆಗೆ ಬಣ್ಣ ಬೇಕು. ಅಷ್ಟೇ ಪಟ್ಟಿ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತು ಐಟಂ ಇತ್ತು. ಅವರ ಪಟ್ಟಿಯಲ್ಲಿ ನಾಲ್ಕು.

ಹಾಗಾದರೆ ನೋಟ್‌ಬುಕ್ ಎಲ್ಲಿ ಕೊಳ್ಳೋದು? ಇಲ್ಲಿ ಹೋಲ್‌ಸೇಲ್‌ನಲ್ಲಿ ಒಂದಕ್ಕೆ 18 ರೂಪಾಯಿ. ರಾಮದುರ್ಗದ ಅಂಗಡಿಯಲ್ಲಿ 22. ಎಂಟುನೂರು ಪುಸ್ತಕಕ್ಕೆ 3,200 ರೂಪಾಯಿ ವ್ಯತ್ಯಾಸ. ಆಫೀಸಿನಲ್ಲಿ ಆಗಿದ್ದರೆ ನಾನು ಎರಡು ಸಲ ಯೋಚಿಸದೆ ಕಡಿಮೆ ದರದ ಕೊಟೇಶನ್‌ಗೆ ಒಪ್ಪಿಗೆ ಹಾಕ್ತಿದ್ದೆ. ಆದರೆ ಇಲ್ಲಿ ಆ 3,200 ನಷ್ಟ ಅಂತ ಹೇಗೆ ಹೇಳೋದು? ಆ ಊರಿನ ಪೇಟೆಗೂ ನೀರು ನುಗ್ಗಿತ್ತು. ಅಂಗಡಿಯವರೂ ಪ್ರವಾಹಕ್ಕೆ ಸಿಕ್ಕಿದವರೇ. ಬಿಟ್ಟಿ ಪುಸ್ತಕದ ಮೂಟೆ ಬೆಂಗಳೂರಿನಿಂದ ಬಂದಿಳಿದರೆ ಅವರ ಆ ವರ್ಷದ ವ್ಯಾಪಾರವೂ ಮುಳುಗುತ್ತೆ. ನೋಟ್‌ಬುಕ್ಕು, ಬ್ಯಾಗು, ಬಣ್ಣ, ಬೆಂಚಿನ ಮರಗೆಲಸ ಎಲ್ಲವನ್ನೂ ಅಲ್ಲೇ ಮಾಡಿಸೋದು ಅಂತ ಬರೆದುಕೊಂಡೆ.

ಬ್ಯಾಗಿನೊಳಗೆ ಒಂದೊಂದು ಸುವಾರ್ತೆಯ ಪುಸ್ತಿಕೆ ಇಡೋಣ ಅಂತಲೂ ಒಬ್ಬರು ಕೇಳಿದ್ರು. ನಂಬಿಕೆಯನ್ನ ಮುಚ್ಚಿಟ್ಟು ಹೋಗೋದು ಪ್ರಾಮಾಣಿಕತೆನಾ ಅನ್ನೋದು ಅವರ ಪ್ರಶ್ನೆ. ಅದು ತಳ್ಳಿಹಾಕುವಂಥ ಪ್ರಶ್ನೆ ಅಲ್ಲ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಆದರೆ ನಾವು ಇದನ್ನ ಚರ್ಚೆ ಮಾಡಿದ್ದು ಆ ಕಾಯ್ದೆಗೆ ಮೊದಲು. ಕಾನೂನು ಇರಲಿ ಬಿಡಲಿ, ಬೇಡ ಅನ್ನೋಕೆ ಆಗದ ಸ್ಥಿತಿಯಲ್ಲಿ ಇರೋರ ಕೈಗೆ ಏನನ್ನಾದ್ರೂ ಇಟ್ಟರೆ ಅವರು ತಗೋತಾರೆ. ತಗೊಂಡದ್ದು ಒಪ್ಪಿಗೆ ಅಲ್ಲ. ಯಾರಾದ್ರೂ ನೀವ್ಯಾಕೆ ಬಂದಿರಿ ಅಂತ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳೋಣ, ಬ್ಯಾಗಿನಲ್ಲಿ ಬರೀ ಪುಸ್ತಕ ಇರಲಿ ಅಂತ ಕೊನೆಗೆ ಎಲ್ಲರೂ ಒಪ್ಪಿದೆವು.

ಇಷ್ಟಾದ ಮೇಲೆ ಶೀಟಿನಲ್ಲಿ ಒಂದು ತಮಾಷೆ ಕಾಣಿಸ್ತು. ಬಣ್ಣ ಹೊಡೆಯೋರು ಅಲ್ಲಿನವರು. ಬೆಂಚು ಮಾಡೋರು ಅಲ್ಲಿನವರು. ಸಾಮಾನು ಅಲ್ಲಿನ ಅಂಗಡಿಯದ್ದು. ಹಾಗಾದ್ರೆ ನಾವು ಹೋಗೋದು ಯಾಕೆ?

ನಾನು ಬೈಬಲ್ ತೆಗೆದು ನೋಡಿದೆ. ಭಕ್ತಿಗೆ ಅಂತ ಅಲ್ಲ, ಇಂಥ ಪ್ರಯಾಣದ ಸಾಮಾನು ಪಟ್ಟಿ ಅದರಲ್ಲೇ ಇದೆ ಅನ್ನೋದು ನೆನಪಾಗಿ. ಯೇಸು ಶಿಷ್ಯರನ್ನ ಊರೂರಿಗೆ ಕಳಿಸುವಾಗ ಕೊಟ್ಟ ಪಟ್ಟಿ ಮತ್ತಾಯನ ಹತ್ತನೇ ಅಧ್ಯಾಯದಲ್ಲಿದೆ. ಅದು ಏನು ತಗೊಂಡು ಹೋಗಬಾರದು ಅನ್ನೋ ಪಟ್ಟಿ. ದುಡ್ಡು ಬೇಡ, ಚೀಲ ಬೇಡ, ಎರಡನೇ ಅಂಗಿ ಬೇಡ. ಮಾರ್ಕ ಕೋಲು ಮತ್ತು ಚಪ್ಪಲಿಗೆ ಒಪ್ಪಿಗೆ ಕೊಡ್ತಾನೆ, ಮತ್ತಾಯನಲ್ಲಿ ಅದೂ ಇಲ್ಲ. ಲೂಕನ ಹತ್ತನೇ ಅಧ್ಯಾಯದಲ್ಲಿ ಇನ್ನೊಂದು ಸೂಚನೆ: ಮನೆಯಿಂದ ಮನೆಗೆ ಅಲೀಬೇಡಿ, ಒಂದೇ ಮನೆಯಲ್ಲಿ ಉಳಿದು ಅವರು ಬಡಿಸಿದ್ದನ್ನ ತಿನ್ನಿ. ಇದನ್ನ ಲೆಕ್ಕದ ಕಣ್ಣಲ್ಲಿ ಓದಿದರೆ ಆಶ್ಚರ್ಯ ಆಗುತ್ತೆ. ಆ ಪ್ರಯಾಣದಲ್ಲಿ ಹಂಚೋಕೆ ಸಾಮಾನೇ ಇರಲಿಲ್ಲ. ಹೋದವರು ಆ ಊರಿನವರ ಅನ್ನದ ಮೇಲೆ ಅವಲಂಬಿಸಬೇಕಿತ್ತು. ಹಾಗೇ ಇರಬೇಕು ಅನ್ನೋದೇ ಉದ್ದೇಶ ಅಂತ ನನಗೆ ಅನ್ನಿಸುತ್ತೆ.

ಇದೇ ಲೂಕನ ಹದಿನಾಲ್ಕನೇ ಅಧ್ಯಾಯದಲ್ಲಿ, ಗೋಪುರ ಕಟ್ಟೋಕೆ ಮೊದಲು ಕೂತು ಖರ್ಚಿನ ಲೆಕ್ಕ ಹಾಕದವನ ಬಗ್ಗೆ ಯೇಸು ಹೇಳಿದ ಮಾತೂ ಇದೆ. ಹಾಗಾಗಿ ಲೆಕ್ಕ ಬೇಡ ಅಂತ ಅಲ್ಲ. ಯಾವುದರ ಲೆಕ್ಕ ಅನ್ನೋದು ಪ್ರಶ್ನೆ. ನಮ್ಮ ಶೀಟಿನಲ್ಲಿ ಇಲ್ಲದ ಸಾಲುಗಳು ಆಮೇಲೆ ಕಾಣೋಕೆ ಶುರುವಾದವು. ಹದಿನಾರು ಜನಕ್ಕೆ ನೀರು ತುಂಬಿಡೋರು ಯಾರು? ರಜೆಯಲ್ಲಿ ಹೆಡ್‌ಮಾಸ್ಟರ್ ನಾಲ್ಕು ದಿನ ನಮ್ಮ ಹಿಂದೆ ಓಡಾಡಬೇಕು, ಅದರ ಬೆಲೆ ಎಷ್ಟು? ನಾವು ಬೇಡ ಬೇಡ ಅಂದ್ರೂ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬರ್ತಾವೆ. ಮನೆಗೆ ಬಂದವರನ್ನ ಉಪವಾಸ ಕಳಿಸೋ ಊರಲ್ಲ ಅದು. ಆ ರೊಟ್ಟಿಯ ಹಿಟ್ಟು ಯಾರ ಮನೆಯದ್ದು?

ಮತ್ತೆ ನಾಲ್ಕು ದಿನ ಅನ್ನೋದು ಎಷ್ಟು? ಎಂ.ಜಿ. ರೋಡಿನ ಮೇಯೊ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಇದೆಯಲ್ಲ, ಸಿಗ್ನಲ್‌ನಲ್ಲಿ ನಿಂತಾಗ ನೀವು ನೋಡಿರ್ತೀರಿ. ಬಾಸೆಲ್ ಮಿಷನ್ನಿನ ಆ ಮನುಷ್ಯ ಭಾರತಕ್ಕೆ ಬಂದದ್ದು 1853ರಲ್ಲಿ. ಅವನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಊರವರ ಮಾತು ಕೇಳೋಕೆ, ಬರೆದಿಟ್ಟುಕೊಳ್ಳೋಕೆ ನಲವತ್ತೊಂದು ವರ್ಷ. ಅವನ ಕಾಲದ ಮಿಷನ್ನಿನ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ನಾಲ್ಕು ದಿನದ ನಮ್ಮ ಪ್ರವಾಸಕ್ಕೂ ಅದೇ ಮಿಷನ್ ಅನ್ನೋ ಹೆಸರಿಟ್ಟುಕೊಳ್ಳೋಕೆ ಸಂಕೋಚ ಆಗಬೇಕು.

ಇದನ್ನೆಲ್ಲ ಕೇಳಿ, ಹಾಗಾದರೆ ಹೋಗೋದೇ ಬೇಡ ಅನ್ನೋ ಕಡೆಗೆ ನಾನು ವಾಲಿದ್ದೀನಿ ಅಂತ ನಿಮಗೆ ಅನ್ನಿಸಬಹುದು. ನನ್ನನ್ನ ತಡೆದದ್ದು ಇನ್ನೊಂದು ಕಥೆ. ಬೇಥಾನ್ಯದಲ್ಲಿ ಮರಿಯಳು ಬೆಲೆಬಾಳುವ ಜಟಾಮಾಂಸಿ ತೈಲವನ್ನ ಯೇಸುವಿನ ಪಾದಕ್ಕೆ ಸುರೀತಾಳೆ. ಮುನ್ನೂರು ದಿನಾರಿ ಬೆಲೆಯದ್ದು, ಅಂದ್ರೆ ಕೂಲಿಯವನ ಮುನ್ನೂರು ದಿನದ ಸಂಬಳ. ಇದನ್ನ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅಂತ ಒಬ್ಬ ಆಕ್ಷೇಪ ಎತ್ತುತ್ತಾನೆ. ಸಿಂಗರ್ ಒಪ್ಪುವಂಥ ಆಕ್ಷೇಪ. ಎತ್ತಿದವನು ಯೂದ. ಅವನೇ ಆ ಗುಂಪಿನ ಖಜಾಂಚಿ, ಹಣದ ಚೀಲ ಇದ್ದದ್ದು ಅವನ ಹತ್ತಿರ. ಅದರಿಂದ ಕದೀತಿದ್ದ ಅಂತಲೂ ಯೋಹಾನ ಬರೀತಾನೆ. ಲೆಕ್ಕ ಇಡೋರಿಗೆ ಈ ಕಥೆ ಓದೋಕೆ ಕಷ್ಟ. ಕೂಡು-ಕಳೆ ಎಲ್ಲಾ ಸರಿಯಿದ್ದೂ ಮನುಷ್ಯ ತಪ್ಪಿರಬಹುದು ಅನ್ನುತ್ತೆ. ಪ್ರೀತಿಯಲ್ಲಿ ಒಂದಿಷ್ಟು ದುಂದು ಇರುತ್ತೆ, ಆಸ್ಪತ್ರೆಯಲ್ಲಿರೋ ಗೆಳತಿಯನ್ನ ನೋಡೋಕೆ ನಾವು ಖುದ್ದಾಗಿ ಹೋಗ್ತೀವಿ, ಆಟೊ ಚಾರ್ಜನ್ನ ಗೂಗಲ್ ಪೇ ಮಾಡಿ ಸುಮ್ಮನಾಗಲ್ಲ.

ಆದರೆ ಆ ಕಥೆಯಲ್ಲಿ ಒಂದು ವಿವರ ಇದೆ. ಮರಿಯಳು ಸುರಿದದ್ದು ತನ್ನ ಸ್ವಂತ ತೈಲ. ಬೇರೆಯವರಿಂದ ಬಡವರಿಗೆ ಅಂತ ಸಂಗ್ರಹಿಸಿದ ಹಣದಲ್ಲಿ ಕೊಂಡದ್ದಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ನಾವು ಹೋಗೋದು ದುಂದು ಅಂತಲೇ ಇಟ್ಕೊಳ್ಳೋಣ. ಆ ದುಂದಿಗೆ ಅರ್ಥ ಇರಬಹುದು. ಆದರೆ ಅದು ನಮ್ಮ ಜೇಬಿನದ್ದಾಗಿದ್ದರೆ ಮಾತ್ರ. ಹೂವಿನ ಅಜ್ಜಿ ಕೊಟ್ಟದ್ದು ಶಾಲೆಗೆ. ನಮ್ಮ ಕಲಿಕೆಗೆ, ನಮ್ಮ ಒಡನಾಟಕ್ಕೆ, ನಮಗೆ ಸಿಗೋ ಸಮಾಧಾನಕ್ಕೆ ಅವರು ಕೊಟ್ಟಿರಲಿಲ್ಲ.

ಟೀ ಶರ್ಟ್, ಬ್ಯಾನರ್ ಎರಡನ್ನೂ ತೆಗೆದೆವು. ನಮ್ಮ ಖರ್ಚು 54,800ಕ್ಕೆ ಇಳೀತು, ತಲೆಗೆ 3,425. ಇದನ್ನ ಹೋಗುವವರೇ ಹಾಕ್ಕೋಬೇಕು ಅಂದಾಗ ಒಂದು ತೊಡಕು ಎದುರಾಯ್ತು. ಸಾಫ್ಟ್‌ವೇರಿನವರಿಗೆ ಅದು ಒಂದು ವೀಕೆಂಡಿನ ಖರ್ಚು. ಗ್ಯಾರೇಜಿನ ಹುಡುಗನಿಗೆ ಹಾಗಲ್ಲ. ಅವರವರ ದುಡ್ಡಲ್ಲೇ ಅನ್ನೋ ನಿಯಮ ಕಟ್ಟುನಿಟ್ಟಾದ್ರೆ ಒಳ್ಳೆ ಕೆಲಸ ಮಾಡೋ ಅವಕಾಶವೂ ಸಂಬಳ ಇದ್ದವರಿಗೇ ಮೀಸಲಾಗುತ್ತೆ. ಅದಕ್ಕೆ ಹದಿನಾರು ಖಾಲಿ ಕವರ್ ಹಂಚಿ, ಯಾರೂ ಹೆಸರು ಬರೀಬೇಡಿ, ಆದಷ್ಟು ಹಾಕಿ ಅಂದೆವು. ತೆರೆದಾಗ 58,300 ಇತ್ತು. ಮಿಕ್ಕ 3,500 ಮುಂದಿನ ಭೇಟಿಗೆ ಎತ್ತಿಟ್ಟೆವು.

ಕಾಣಿಕೆಯ 1,40,000 ಪೂರ್ತಿ ಅಲ್ಲಿಗೆ ಹೋಯ್ತು. ಹದಿನೈದು ಬೆಂಚಿಗೆ 42,000. ನೂರಿಪ್ಪತ್ತು ಬ್ಯಾಗಿಗೆ 36,000. ಬಣ್ಣಕ್ಕೆ 20,000, ಪೇಂಟರುಗಳ ಕೂಲಿ 7,200, ನೋಟ್‌ಬುಕ್ಕಿಗೆ 17,600. ಉಳಿದ 17,200ನ್ನ ಅಲ್ಲಿಗೆ ಹೋದ ಮೇಲೆ ಶಾಲೆಯ ಎಸ್‌ಡಿಎಂಸಿ ಜೊತೆ ಕೂತು ತೀರ್ಮಾನಿಸೋದು ಅಂತ ಖಾಲಿ ಬಿಟ್ಟೆವು.

ಆ ಖಾಲಿ ಸಾಲು ತುಂಬಿದ್ದು ಹೀಗೆ. ಎರಡನೇ ದಿನ ಸಂಜೆ ನಮ್ಮ ನರ್ಸಿಂಗ್ ಹುಡುಗಿಯರು ಊರಿನ ಹೆಂಗಸರ ಜೊತೆ ಕಟ್ಟೆ ಮೇಲೆ ಕೂತು ಮಾತಾಡ್ತಿದ್ರು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಕಿತ್ತುಹೋಗಿದೆ, ಅದಕ್ಕೇ ದೊಡ್ಡ ತರಗತಿಯ ಹುಡುಗಿಯರು ಪ್ರವಾಹ ಇಳಿದ ಮೇಲೂ ಶಾಲೆಗೆ ಸರಿಯಾಗಿ ಬರ್ತಿಲ್ಲ ಅನ್ನೋದು ಆ ಮಾತಿನ ನಡುವೆ ಗೊತ್ತಾಯ್ತು. ಹೆಡ್‌ಮಾಸ್ಟರ್ ಒಳ್ಳೆಯವರೇ, ಆದರೆ ಗಂಡಸು. ಫೋನಿನಲ್ಲಿ ಕೊಟ್ಟ ಪಟ್ಟಿಯಲ್ಲಿ ಅದು ಇರಲಿಲ್ಲ. ಆ ತಾಯಂದಿರು ಅದನ್ನ ಬೆಂಗಳೂರಿನ ಯಾವ ಫೋನಿಗೂ ಹೇಳ್ತಿರಲಿಲ್ಲ. 17,200 ರೂಪಾಯಿ ಬಾಗಿಲಿಗೆ, ಚಿಲಕಕ್ಕೆ, ನೀರಿನ ಪೈಪಿಗೆ ಹೋಯ್ತು.

ಯಾಕೆ ಹೋಗಬೇಕು ಅನ್ನೋದಕ್ಕೆ ನನ್ನ ಹತ್ತಿರ ಇರೋ ಉತ್ತರ ಇಷ್ಟೇ. ಕೆಲಸ ಮಾಡೋಕೆ ಅಲ್ಲ, ಕೇಳಿಸಿಕೊಳ್ಳೋಕೆ. ಅದಕ್ಕೆ ಇಬ್ಬರು ಸಾಕಿತ್ತು, ಹದಿನಾರು ಜನ ಯಾಕೆ ಅಂತ ನೀವು ಕೇಳಬಹುದು. ನಮ್ಮಲ್ಲೂ ಕೆಲವರು ಇವತ್ತಿಗೂ ಅದನ್ನೇ ಕೇಳ್ತಾರೆ. ಉಳಿದ ಹದಿನಾಲ್ಕು ಜನ ಅಲ್ಲಿ ಮಾಡಿದ್ದು ಬೆಂಚು ಹೊತ್ತದ್ದು, ಕೆಸರು ಬಳಿದದ್ದು, ರೊಟ್ಟಿ ತಿಂದದ್ದು. ಅದನ್ನ ಸೇವೆ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಅತಿಥಿಗಳಾಗಿ ಹೋಗಿಬಂದ್ವಿ ಅನ್ನೋದು ಸರಿಯಾದ ಮಾತು. ಜನವರಿಯಲ್ಲಿ ಮತ್ತೆ ನಾಲ್ಕೇ ಜನ ಹೋದ್ವಿ. ಬಾಗಿಲು ನಿಂತಿತ್ತು. ಒಂದು ಬೆಂಚಿನ ಕಾಲು ಮುರಿದಿತ್ತು, ಅದನ್ನ ಅದೇ ಬಡಿಗರು ರಿಪೇರಿ ಮಾಡಿಕೊಟ್ರು.

ನಿಮ್ಮಲ್ಲಿ ಹೆಚ್ಚಿನವರು ಚರ್ಚಿನ ಟ್ರಿಪ್ಪಿಗೆ ಹೋಗೋರಲ್ಲ ಅಂತ ಗೊತ್ತು. ಆದರೆ ನಿಮ್ಮ ಆಫೀಸಿನ ವಾಲಂಟಿಯರಿಂಗ್ ಡೇ ಇದೆ. ಕಂಪನಿಯ ಬಸ್ಸು, ಕಂಪನಿಯ ಟೀ ಶರ್ಟು, ಮಧ್ಯಾಹ್ನಕ್ಕೆ ಬಾಕ್ಸ್ ಊಟ, ಯಾವುದೋ ಸರ್ಕಾರಿ ಶಾಲೆಯ ಕಾಂಪೌಂಡಿಗೆ ಬಣ್ಣ. ಸುನಾಮಿಗೋ ಕೊಡಗಿಗೋ ಗೆಳೆಯರೆಲ್ಲ ಸೇರಿ ಹೊರಡೋದೂ ಇದೆ. ಬೇಡ ಅನ್ನಲ್ಲ. ಮುಂದಿನ ಸಲ ಶೀಟ್ ತೆರೆದಾಗ, ಏನು ಮತ್ತು ಎಷ್ಟು ಅನ್ನೋ ಎರಡು ಕಾಲಂ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿ ನೋಡಿ: ಯಾರ ದುಡ್ಡು, ಯಾರಿಗೋಸ್ಕರ. ಎರಡೂ ಕಡೆ ಪ್ರಾಮಾಣಿಕವಾಗಿ ತುಂಬಿದರೆ, ಎಷ್ಟು ಜನ ಹೋಗಬೇಕು, ಏನು ಒಯ್ಯಬೇಕು, ಏನನ್ನ ಇಲ್ಲೇ ಬಿಟ್ಟು ಹೋಗಬೇಕು ಅನ್ನೋದು ಹೆಚ್ಚಿನ ಚರ್ಚೆ ಇಲ್ಲದೆ ಗೊತ್ತಾಗುತ್ತೆ.